ಸವರಿಮುತ್ತುವಿನ ಬಿಲ್ಲೆ

ನಮ್ಮಣ್ಣ ಚಿಕ್ಕಮುನಿಯಪ್ಪ ತನ್ನ ದೇವರಿಗೆ ಹೆದರಿದವನಲ್ಲ. ಊರ ಮುನೇಶ್ವರನಿಗೆ ಹರಕೆ ಹೊತ್ತ ಕೋಳಿಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತಾ, ‘ಅವನು ನಮ್ಮೋನೇ, ಕಾಯ್ತಾನೆ ಬುಡು’ ಎಂದು ನಗುತ್ತಿದ್ದ. ಆದರೆ ಬೇರೆಯವರ ದೇವರೆಂದರೆ ಅವನಿಗೆ ಭಯ. ಪರಿಚಯವಿಲ್ಲದ ಸಾಹುಕಾರನ ಮುಂದೆ ನಿಂತವನ ಹಾಗೆ ಕೈಕಟ್ಟಿಕೊಂಡುಬಿಡುತ್ತಿದ್ದ. ಆ ಭಯವೇ ಅವನನ್ನು ತಿಂದಿತು. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ.

ನಾವು ಬೂದಿಕೋಟೆ ಕಡೆಯ ಒಕ್ಕಲು ಮಕ್ಕಳು. ಅಪ್ಪ ಸತ್ತ ಮೇಲೆ ಹೊಲ ದೊಡ್ಡಪ್ಪನ ಕೈ ಸೇರಿತು, ಅಣ್ಣ ಊರಿಗಾಂಗೆ ಹೋಗಿ ಚಿನ್ನದ ಗಣಿ ಸೇರಿದ. ನೆಲದ ಕೆಳಗೆ ಕಲ್ಲು ತುಂಬಿದ ಟಬ್ಬುಗಳನ್ನು ಕಂಬಿಯ ಮೇಲೆ ತಳ್ಳುವ ಕೆಲಸ. ನನಗೆ ಮದುವೆಯಾದ ವರ್ಷವೇ ಗಂಡ ಪ್ಲೇಗಿನಲ್ಲಿ ಹೋಗಿದ್ದ. ಊರಿನಲ್ಲಿ ಬೆಳಗ್ಗೆ ಎದ್ದು ನನ್ನ ಮುಖ ನೋಡಿದವರು ಮತ್ತೆ ಒಳಗೆ ಹೋಗಿ ನೀರು ಕುಡಿದು ಹೊರಡುತ್ತಿದ್ದರು. ಒಂದು ದಿನ ಅಣ್ಣ ಬಂದು, ತನಗೆ ಮುದ್ದೆ ತಿರುವುವವರಿಲ್ಲ ಎಂಬ ನೆಪ ಹೇಳಿ, ನನ್ನನ್ನೂ ಅವ್ವನ ಒಂದು ಹಸುವನ್ನೂ ಹೊಡೆದುಕೊಂಡು ಬಂದ. ಅಂದಿನಿಂದ ನಾನು ಲೈನಿನವಳಾದೆ. ಲೈನು ಎಂದರೆ ಸಾಲಾಗಿ ಕಟ್ಟಿದ ಬಿದಿರು ತಟ್ಟಿಯ ಮನೆಗಳು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಮೂರು ಮನೆಯವರು ಸೀನುತ್ತಿದ್ದರು.

ಪಕ್ಕದ ತಟ್ಟಿಯಲ್ಲಿ ಆರೋಗ್ಯಮ್ಮ ಮತ್ತು ಅವಳ ಒಬ್ಬನೇ ಮಗ ಸವರಿಮುತ್ತು ಇದ್ದರು. ತಮಿಳಿನವರು, ತಲೆಮಾರುಗಳಿಂದ ಕ್ರೈಸ್ತರು. ಸವರಿಗೂ ನಮ್ಮಣ್ಣನಿಗೂ ಒಂದೇ ವಯಸ್ಸು, ಒಂದೇ ಕೆಲಸ, ಬೇರೆ ಬೇರೆ ಗುಂಪು. ಇವನು ಅವರ ಮನೆಯ ಮೀನು ಸಾರು ತಿನ್ನುವುದು, ಅವನು ನಮ್ಮ ಮನೆಯ ಉಪ್ಪುಸಾರು ಸುರಿದುಕೊಳ್ಳುವುದು, ಇಬ್ಬರೂ ಸೇರಿ ನಮ್ಮ ಮುನೇಶ್ವರನನ್ನು ಕಿಚಾಯಿಸುವುದು, ಹೀಗೇ ನಡೆದಿತ್ತು. ಕಿಚಾಯಿಸುವುದರಲ್ಲಿ ಸವರಿಯದೇ ಮೇಲುಗೈ, ಯಾಕೆಂದರೆ ಅವನು ತನ್ನ ದೇವರನ್ನೂ ಬಿಡುತ್ತಿರಲಿಲ್ಲ.

ನನ್ನನ್ನು ಚರ್ಚಿಗೆ ಕರೆದುಕೊಂಡು ಹೋದವಳು ಆರೋಗ್ಯಮ್ಮ. ಹಾಲು ಮಾರಿ ಬಂದ ಸಂಜೆಗಳಲ್ಲಿ ಅವಳ ಜೊತೆ ಹೋಗಿ ಬಾಗಿಲ ಹತ್ತಿರ ಕುಳಿತು ಹಾಡು ಕೇಳುತ್ತಿದ್ದೆ. ಹಾಡು ತಮಿಳಿನದು, ಅರ್ಧ ತಿಳಿಯುತ್ತಿತ್ತು, ಇನ್ನರ್ಧಕ್ಕೆ ನಾನೇ ಅರ್ಥ ಕೊಟ್ಟುಕೊಳ್ಳುತ್ತಿದ್ದೆ. ಅಲ್ಲಿ ನನ್ನ ಬೋಳು ಹಣೆ ಕಂಡು ಯಾರೂ ದಾರಿ ಬಿಟ್ಟು ನಿಲ್ಲುತ್ತಿರಲಿಲ್ಲ. ಮಗನನ್ನು ಎತ್ತಿಕೊಂಡ ತಾಯಿಯ ವಿಗ್ರಹದ ಮುಂದೆ ಮೇಣದ ಬತ್ತಿ ಹಚ್ಚಿ, ನನ್ನ ಮನಸ್ಸಿನಲ್ಲಿದ್ದದ್ದನ್ನೆಲ್ಲ ಕನ್ನಡದಲ್ಲೇ ಹೇಳಿಕೊಳ್ಳುತ್ತಿದ್ದೆ. ಮತಕ್ಕೆ ಸೇರು ಎಂದು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಸೇರಲಿಲ್ಲ. ಹದಿನೆಂಟು ವರ್ಷದ ಹುಡುಗಿಗೆ ಕುಳಿತುಕೊಳ್ಳಲು ಒಂದು ಜಾಗ ಬೇಕಿತ್ತು, ಸಿಕ್ಕಿತ್ತು.

ಸವರಿಗೆ ಚಿಕ್ಕಂದಿನಲ್ಲಿ ಸಿಡುಬು ಬಂದು ಕಣ್ಣು ಹೋಗುವಂತಾಗಿತ್ತಂತೆ. ಆಗ ಆರೋಗ್ಯಮ್ಮ ಹರಕೆ ಹೊತ್ತಿದ್ದಳು. ಮಗ ಉಳಿದು ದೊಡ್ಡವನಾದರೆ ಮೂರು ವರ್ಷ ದೊಡ್ಡ ಶುಕ್ರವಾರದ ದಿನ, ಅಂದರೆ ಏಸು ಸತ್ತ ದಿನ, ಬೌರಿಂಗ್‌ಪೇಟೆಯ ಚರ್ಚಿನಲ್ಲಿ ಮರದ ಶಿಲುಬೆ ಹೊರುತ್ತಾನೆ ಎಂದು. ಹರಕೆಯವರು ಕಾವಿ ಪಂಚೆ ಉಟ್ಟು, ಉಪವಾಸವಿದ್ದು, ಭಾನುವಾರ ನಸುಕಿನ ಈಸ್ಟರ್ ಪೂಜೆ ಮುಗಿಯುವವರೆಗೆ ಅಲ್ಲೇ ಇರಬೇಕು. ಎರಡು ವರ್ಷ ಹೊತ್ತಾಗಿತ್ತು. ಮೂರನೆಯ ವರ್ಷ ಮೇಸ್ತ್ರಿ ರಜೆ ಕೊಡುವುದಿಲ್ಲ ಎಂದ.

ಆ ಸಂಜೆ ನಮ್ಮ ಬಾಗಿಲಲ್ಲಿ ಕುಳಿತ ಸವರಿಗೆ ಅಂಥ ಬೇಸರವೇನೂ ಇರಲಿಲ್ಲ. ದಿನಾ ಟಬ್ಬು ತಳ್ಳುವುದನ್ನೇ ಸ್ವಾಮಿ ಶಿಲುಬೆ ಎಂದು ಲೆಕ್ಕಕ್ಕೆ ಹಿಡಿಯಲಿ, ಹರಕೆ ಹೊತ್ತದ್ದು ನಮ್ಮಮ್ಮ, ಹೆಗಲು ಮಾತ್ರ ನನ್ನದೇ ಎಂದು ನಗಾಡಿದ. ನಾನೂ ನಕ್ಕೆ. ಅಣ್ಣ ನಗಲಿಲ್ಲ.

“ಲೇ ಸವ್ರಿ, ಅಂಗನ್ಬ್ಯಾಡ ಕಣ್ಲಾ,” ಎಂದ. “ಯಾವ್ ದೇವ್ರಾದ್ರೂ ಅರಕೆ ಅರಕೇನೇ. ಎಲ್ಡು ವರ್ಸ ತೀರ್ಸಿ ಮೂರ್ನೇದು ಬುಟ್ರೆ, ಕೊಟ್ಟಿದ್ ಕಣ್ಣು ವಾಪಸ್ ಕೇಳ್ತಾನೆ. ನಿನ್ನ ಬಿಲ್ಲೇಲಿ ನಾನ್ ಇಳೀತೀನಿ. ಅವತ್ತು ನಂಗೆ ರಜಾ.”

ಬಿಲ್ಲೆ ಎಂದರೆ ನಂಬರು ಹೊಡೆದ ಹಿತ್ತಾಳೆಯ ಬಿಲ್ಲೆ. ಗಣಿಗೆ ಇಳಿಯುವವನು ಕಿಟಕಿಯಲ್ಲಿ ತನ್ನ ಬಿಲ್ಲೆ ತೆಗೆದುಕೊಂಡು ಇಳಿಯಬೇಕು, ಮೇಲೆ ಬಂದು ಅಲ್ಲೇ ಕೊಡಬೇಕು. ಕೆಳಗೆ ಹೋದವನು ಯಾರು, ಮೇಲೆ ಬಂದವನು ಯಾರು ಎನ್ನುವುದಕ್ಕೆ ಗಣಿಯವರಿಗೆ ಅದೊಂದೇ ಗುರುತು. ಒಬ್ಬರ ಬಿಲ್ಲೆಯಲ್ಲಿ ಇನ್ನೊಬ್ಬರು ಇಳಿಯುವುದು ಕದ್ದುಮುಚ್ಚಿ ನಡೆಯುತ್ತಲೇ ಇತ್ತು. ಆದರೆ ಲೈನಿನ ಹೆಂಗಸರಿಗೆ ಅದು ಆಗದು. ಇನ್ನೊಬ್ಬನ ಬಿಲ್ಲೆಯಲ್ಲಿ ಇಳಿದವನ ಗುರುತು ದೇವರಿಗೂ ಸಿಗುವುದಿಲ್ಲ ಎನ್ನುತ್ತಿದ್ದರು. ನಾನು ಅದನ್ನೇ ಹೇಳಿ ಅಣ್ಣನ ಮೇಲೆ ಹಾರಾಡಿದೆ. ಅವನು ತಲೆ ಕೆರೆದುಕೊಂಡು, ಆಯಿತು ಬಿಡು ತಾಯಿ ಎಂದ.

ಮಾರನೆಯ ದಿನ ಇಬ್ಬರೂ ಸೇರಿ ಬಂದು ಮೇಸ್ತ್ರಿ ಕರಗಿದ, ರಜೆ ಸಿಕ್ಕಿತು ಎಂದರು. ನಾನು ನಂಬಿದೆ, ಆರೋಗ್ಯಮ್ಮನೂ ನಂಬಿದಳು. ಕಾಲು ಊದಿಕೊಂಡಿದ್ದರಿಂದ ಆ ವರ್ಷ ಅವಳು ಮಗನ ಜೊತೆ ಹೊರಡುವಂತಿರಲಿಲ್ಲ. ಜೊತೆಗೆ ತಾನು ಹೋಗುತ್ತೇನೆ, ಶಿಲುಬೆ ಹೊರುವುದನ್ನು ನೋಡಿಕೊಂಡು ಅಲ್ಲಿಂದ ಊರಿಗೆ ಹೋಗಿ ಅವ್ವನನ್ನು ಮಾತಾಡಿಸಿ ಭಾನುವಾರ ಬರುತ್ತೇನೆ ಎಂದು ಅಣ್ಣ ಹೇಳಿದ. ನಾನು ಅವ್ವನಿಗೆಂದು ಹುರಿಗಡಲೆ, ಬೆಲ್ಲ ಕಟ್ಟಿ, ನನ್ನ ಹಳೆಯ ಹಸಿರು ಸೀರೆಯ ತುಂಡಿನಲ್ಲಿ ಗಂಟು ಹಾಕಿ ಕೊಟ್ಟೆ. ಶುಕ್ರವಾರ ಬೆಳಗ್ಗೆ ಇಬ್ಬರೂ ಲೈನಿನ ಕೊನೆಯವರೆಗೆ ಹೆಗಲ ಮೇಲೆ ಕೈ ಹಾಕಿಕೊಂಡು ಹೋದರು.

ಮಧ್ಯಾಹ್ನದ ಮೇಲೆ ನೆಲ ನಡುಗಿತು. ಗೂಡಿನಲ್ಲಿಟ್ಟಿದ್ದ ಲೋಟ ಉರುಳಿತು, ಹಸು ಹಗ್ಗ ಜಗ್ಗಿ ಎದ್ದು ನಿಂತಿತು. ಲೈನಿನಲ್ಲಿ ಇದು ಏನೆಂದು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಕೆಳಗೆ ಎಲ್ಲೋ ಬಂಡೆ ಸಿಡಿದಿದೆ. ಆಮೇಲೆ ಸಂಗು, ಅಂದರೆ ಗಣಿಯ ಸೈರನ್ನು, ಕೂಗಿತು. ಹೆಂಗಸರೆಲ್ಲ ಇದ್ದ ಹಾಗೇ ಗಣಿಯ ಬಾಯಿಗೆ ಓಡಿದರು. ನನಗೆ ಓಡುವ ಅಗತ್ಯವಿರಲಿಲ್ಲ, ನಮ್ಮಣ್ಣ ಬೌರಿಂಗ್‌ಪೇಟೆಯಲ್ಲಿದ್ದ. ಆದರೂ ಕಾಲು ಊದಿದ ಆರೋಗ್ಯಮ್ಮನ ಜೊತೆ ನಿಧಾನವಾಗಿ ನಡೆದೆ. ಅವಳ ಮಗನೂ ಬೌರಿಂಗ್‌ಪೇಟೆಯಲ್ಲೇ ಇದ್ದನಲ್ಲ, ಬೇರೆಯವರಿಗೋಸ್ಕರ ಜಪಮಾಲೆ ಎಣಿಸುತ್ತಾ ಬಂದಳು.

ಕಿಟಕಿಯಲ್ಲಿ ವಾಪಸು ಬರದ ಬಿಲ್ಲೆಗಳ ಹೆಸರು ಕೂಗಿದರು. ಮೂರನೆಯದು ಸವರಿಮುತ್ತು.

ಆರೋಗ್ಯಮ್ಮ ಮೊದಲು ಒಪ್ಪಲಿಲ್ಲ. ನನ್ನ ಮಗ ಶಿಲುಬೆ ಹೊರಲು ಹೋಗಿದ್ದಾನೆ, ನಿಮ್ಮ ಲೆಕ್ಕ ತಪ್ಪು ಎಂದು ಜಗಳಕ್ಕೇ ನಿಂತಳು. ಕತ್ತಲಾಗುವ ಹೊತ್ತಿಗೆ ಹೆಣಗಳನ್ನು ಮೇಲೆ ತಂದರು. ಗುರುತು ಹಿಡಿಯಲು ಮುಖಗಳಿರಲಿಲ್ಲ. ಆದರೆ ಒಂದು ಕೊರಳಲ್ಲಿ ಕಪ್ಪು ದಾರ, ಅದರಲ್ಲಿ ಮಾತೆಯ ಪುಟ್ಟ ಬೆಳ್ಳಿ ಪದಕವಿತ್ತು. ಸಿಡುಬು ವಾಸಿಯಾದ ದಿನ ಆರೋಗ್ಯಮ್ಮ ಮಗನಿಗೆ ಕಟ್ಟಿದ್ದ ಪದಕ. ಅದನ್ನು ಕಂಡ ಮೇಲೆ ಅವಳು ಜಗಳ ನಿಲ್ಲಿಸಿದಳು.

ಕೊನೆ ಗಳಿಗೆಯಲ್ಲಿ ಮೇಸ್ತ್ರಿ ರಜೆ ಇಲ್ಲವೆಂದಿರಬೇಕು, ಕೆಲಸ ಹೋದೀತೆಂದು ಹುಡುಗ ಇಳಿದಿರಬೇಕು ಎಂದು ಎಲ್ಲರೂ ಲೆಕ್ಕ ಹಾಕಿದರು. ನಾನೂ ಹಾಗೇ ಅಂದುಕೊಂಡೆ. ನಮ್ಮಣ್ಣ ಒಬ್ಬನೇ ಊರಿಗೆ ಹೋಗಿದ್ದಾನೆ, ಬಂದು ಕೇಳಿದರೆ ಎದೆ ಒಡೆದುಕೊಳ್ಳುತ್ತಾನೆ ಎಂದು ಸಂಕಟಪಟ್ಟೆ. ಸತ್ಯ ಹೇಳಬಹುದಾಗಿದ್ದ, ಜೊತೆಗೆ ಇಳಿದಿದ್ದ ಇಬ್ಬರೂ ಅದೇ ಬಂಡೆಯಡಿ ಹೋಗಿದ್ದರು. ಹರಕೆ ಬಿಟ್ಟು ಇಳಿದದ್ದಕ್ಕೇ ಸ್ವಾಮಿ ನನ್ನ ಮಗನನ್ನು ಕಿತ್ತುಕೊಂಡ ಎಂದು ಆರೋಗ್ಯಮ್ಮ ರಾತ್ರಿಯೆಲ್ಲ ಹಲುಬಿದಳು.

ಶನಿವಾರ ಬೆಳಗ್ಗೆ ಮಣ್ಣು ಮಾಡಿದರು. ಏಸು ಸತ್ತ ದಿನದಿಂದ ಏಳುವವರೆಗೆ ಅವರು ಗಂಟೆ ಹೊಡೆಯುವುದಿಲ್ಲ. ಹೆಣದ ಮುಂದೆ ಒಬ್ಬ ಮರದ ಹಲಗೆ ಬಡಿದುಕೊಂಡು ನಡೆದ. ಟಕ್, ಟಕ್ ಎನ್ನುವ ಆ ಒಣ ಸದ್ದಿನ ಹಿಂದೆ ನಾನೂ ನಡೆದೆ. ಪಾದ್ರಿಗಳು ಮಂತ್ರ ಹೇಳಿದರು, ನೀರು ಚಿಮುಕಿಸಿದರು. ನಾನೂ ಒಂದು ಹಿಡಿ ಮಣ್ಣು ಹಾಕಿ, ತಾಯಿ, ನಮ್ಮ ಸವರಿಯನ್ನು ನೋಡಿಕೋ ಎಂದು ಬೇಡಿಕೊಂಡೆ. ‘ಸವರಿಮುತ್ತು’ ಎಂದು ಬರೆದ ಮರದ ಶಿಲುಬೆ ನೆಟ್ಟು ಬಂದೆವು.

ಭಾನುವಾರ ಬೆಳಗ್ಗೆ ಗಂಟೆಗಳು ಹೊಡೆದವು. ಎರಡು ದಿನ ಬಾಯಿ ಕಟ್ಟಿದ್ದಕ್ಕೋ ಏನೋ, ಊರೆಲ್ಲ ಅದುರುವ ಹಾಗೆ ಹೊಡೆದವು. ನಾನು ಬಾಗಿಲಲ್ಲಿ ಹಸುವಿಗೆ ಕಲಗಚ್ಚು ಇಡುತ್ತಿದ್ದೆ. ಬೌರಿಂಗ್‌ಪೇಟೆಯಿಂದ ರೈಲು ಬಂದ ಹೊತ್ತು. ಲೈನಿನ ತುದಿಯಿಂದ ಒಬ್ಬ ಓಡಿ ಬಂದ. ಕಾವಿ ಪಂಚೆ, ಮೂರು ದಿನದ ಗಡ್ಡ, ಹೆಗಲ ಮೇಲೆ ಮರ ಉಜ್ಜಿದ ಗಾಯ. ಸವರಿಮುತ್ತು. ಅವನು ತನ್ನ ಮನೆಗೆ ಹೋಗಲಿಲ್ಲ, ನಮ್ಮ ಬಾಗಿಲಿಗೆ ಬಂದು ನಿಂತ.

ನಾನು ಚೀರಬೇಕಿತ್ತು, ಚೀರಲಿಲ್ಲ. ಯಾಕೆಂದರೆ ನನ್ನ ಕಣ್ಣು ಅವನ ಮುಖದ ಮೇಲಿರಲಿಲ್ಲ. ಅವನ ಕೈಯಲ್ಲಿ ಹಸಿರು ಬಟ್ಟೆಯ ಗಂಟು ಇತ್ತು. ಅವ್ವನಿಗೆಂದು ನಾನು ಕಟ್ಟಿದ ಗಂಟು. ನಾನು ಹಾಕಿದ ಗಂಟು ಹಾಗೇ ಇತ್ತು, ಬಿಚ್ಚಿರಲಿಲ್ಲ.

“ತಂಗಚ್ಚೀ, ಮುನಿಯ ಎಲ್ಲಿ?” ಎಂದ. “ರೈಲಲ್ಲಿ ಹೇಳಿದ್ರು. ಮುನಿಯ ಮೇಲೆ ಬಂದ್ನಾ?”

ಅಷ್ಟರಲ್ಲಿ ಯಾರೋ ನೋಡಿದರು. ಯಾರೋ ಕೂಗಿದರು. ಆರೋಗ್ಯಮ್ಮ ಊದಿದ ಕಾಲಿನಲ್ಲಿ ಹೇಗೆ ಓಡಿ ಬಂದಳೋ, ಮಗನ ಮೇಲೆ ಬಿದ್ದು, ಅವನ ಮುಖ, ತಲೆ, ಕೈ ಎಲ್ಲ ಮುಟ್ಟಿ ಮುಟ್ಟಿ ಅತ್ತಳು, ನಕ್ಕಳು. ನನ್ನ ಮಗ ಎದ್ದು ಬಂದ, ಸ್ವಾಮಿಯ ಜೊತೆಗೇ ಎದ್ದು ಬಂದ ಎಂದು ಕೂಗಿದಳು. ಹಬ್ಬದ ಸೀರೆ ಉಟ್ಟು ಚರ್ಚಿಗೆ ಹೊರಟಿದ್ದ ಹೆಂಗಸರೆಲ್ಲ ಸುತ್ತ ನೆರೆದು ಸ್ತೋತ್ರ ಹೇಳಿದರು. ಗಂಟೆಗಳು ಹೊಡೆಯುತ್ತಲೇ ಇದ್ದವು. ಆ ಸಂತೋಷದ ಮಧ್ಯೆ ಸವರಿ ಒಬ್ಬನೇ ಗರಬಡಿದು ನಿಂತು ನನ್ನನ್ನೇ ನೋಡುತ್ತಿದ್ದ. ನಾನು ಅವನ ಕೈಯಿಂದ ಗಂಟು ತೆಗೆದುಕೊಂಡು ಒಳಗೆ ಹೋದೆ. ಶನಿವಾರ ನಾನು ಮಣ್ಣು ಹಾಕಿದ್ದು ಯಾರಿಗೆಂದು ನನಗೆ ತಿಳಿಯಿತು.

ಆಮೇಲೆ ಅವನು ಎಲ್ಲವನ್ನೂ ಹೇಳಿದ. ನನ್ನ ಬಾಯಿಗೆ ಹೆದರಿ ಅಣ್ಣ ಸುಳ್ಳು ಹೇಳಿದ್ದ. ರೈಲು ನಿಲ್ದಾಣದ ತಿರುವಿನಲ್ಲಿ ಬಿಲ್ಲೆಯ ನಂಬರು ಕೇಳಿಕೊಂಡು, ಕೆಲಸ ಮುಗಿಸಿ ಬೌರಿಂಗ್‌ಪೇಟೆಗೆ ಬಂದು ಈಸಿಕೊಳ್ಳುತ್ತೇನೆಂದು ಗಂಟನ್ನು ಇವನ ಕೈಗೆ ಕೊಟ್ಟು ಹೋಗಿದ್ದ. ಬರಿಗೈಲಿ ಕಳಿಸಲಾರದೆ ಇವನು ತನ್ನ ಪದಕ ಬಿಚ್ಚಿ ಅವನ ಕೊರಳಿಗೆ ಕಟ್ಟಿದ್ದ. ಇದಿದ್ದರೆ ಏನೂ ಆಗುವುದಿಲ್ಲ ಎಂದಿದ್ದನಂತೆ. ಹುಟ್ಟಿದಾಗಿನಿಂದ ತನ್ನ ದೇವರನ್ನು ಗೇಲಿ ಮಾಡಿದವನು ಅದೊಂದು ದಿನ ನಂಬಿದ್ದ.

ಊರಿನಿಂದ ಅವ್ವ ಅಶ್ವತ್ಥಮ್ಮ ಬಂದಳು, ಜೊತೆಗೆ ದೊಡ್ಡಪ್ಪ ವೆಂಕಟರಾಮಪ್ಪ. ಅಣ್ಣನನ್ನು ತೆಗೆದು ನಮ್ಮ ಹೊಲದಲ್ಲಿ ಅಪ್ಪನ ಪಕ್ಕ ಮಲಗಿಸಬೇಕೆಂದು ಅವ್ವನ ಆಸೆ. ದೊಡ್ಡಪ್ಪ ಒಪ್ಪಲಿಲ್ಲ. ಪಾದ್ರಿ ಮಂತ್ರ ಹಾಕಿ ಹೂತ ಹೆಣವನ್ನು ಊರೊಳಗೆ ತಂದರೆ ಕುಲದವರು ನಮ್ಮ ಮನೆಯ ನೀರು ಮುಟ್ಟುವುದಿಲ್ಲ ಎಂದ. ಸರಿ, ಅಲ್ಲೇ ಇರಲಿ ಎಂದರೆ ಪಾದ್ರಿಗಳೂ ಒಪ್ಪುವಂತಿರಲಿಲ್ಲ. ಅವರು ಒಳ್ಳೆಯವರೇ, ಕಣ್ಣಲ್ಲಿ ನೀರು ಹಾಕಿಕೊಂಡೇ ಹೇಳಿದರು. ಅದು ಮಂತ್ರಿಸಿದ ನೆಲ, ದೀಕ್ಷೆಯಾಗದವನಿಗೆ ಅಲ್ಲಿ ಜಾಗವಿಲ್ಲ, ಗೋಡೆಯಾಚೆಗೆ ತೆಗೆದು ಹೂಳಬೇಕು ಎಂದರು. ನಮ್ಮಣ್ಣ ಬದುಕಿದ್ದಾಗ ಎರಡು ಮನೆಯಲ್ಲಿ ಉಂಡವನು. ಸತ್ತ ಮೇಲೆ ಅವನು ಯಾರಿಗೂ ಬೇಡವಾದ.

ಆಗ ಸವರಿ ಮುಂದೆ ಬಂದ. ಪಾದ್ರಿಗಳ ಹತ್ತಿರ ಯಾವಾಗಲೂ ತಮಿಳಿನಲ್ಲಿ ಮಾತಾಡುವವನು, ಅವ್ವನಿಗೆ ತಿಳಿಯಲಿ ಎಂದು ಕನ್ನಡದಲ್ಲಿ ಹೇಳಿದ. “ಸಾಮಿ, ಆ ಗುಂಡಿ ನಂದು. ಮಂತ್ರ ಎಲ್ಲಾ ನಂಗೇ ಹೇಳಿದ್ದೀರಿ, ಮಣ್ಣೂ ನಂಗೇ ಹಾಕಿದ್ದೀರಿ. ನನ್ನ ಜಾಗದಾಗೆ ಅವನು ಮಲ್ಗವ್ನೆ, ಎಬ್ಬಿಸ್ಬೇಡಿ. ನಾನ್ ಸತ್ತಾಗ ಇನ್ನೊಂದು ಜಾಗ ಕೇಳಲ್ಲ. ಗೋಡೆಯಾಚೆ ನನ್ನ ಆಕಿ.”

ಪಾದ್ರಿಗಳು ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಣ್ಣ ಅಲ್ಲೇ ಉಳಿದ, ಆ ಹೆಸರೂ ಉಳಿಯಿತು.

ನಮ್ಮಲ್ಲಿ ಮಣ್ಣು ಮಾಡಿದ ಮೇಲೆ ಹಾಲು ತುಪ್ಪ ಬಿಡಬೇಕು. ಗುಂಡಿಯ ಮೇಲೆ ಹಾಲು ಸುರಿದು, ಸತ್ತವನಿಗೆ ಇಷ್ಟವಾದದ್ದನ್ನು ಎಡೆ ಇಟ್ಟು ದೂರ ಕೂರುತ್ತೇವೆ. ಕಾಗೆ ಬಂದು ಮುಟ್ಟಿದರೆ ಅವನು ಉಂಡ ಎಂದು ಲೆಕ್ಕ. ದೊಡ್ಡಪ್ಪ ಬರುವುದಿಲ್ಲ ಎಂದು ಊರಿಗೆ ಹೊರಟುಹೋದ. ನಾನೂ ಅವ್ವನೂ ಮುದ್ದೆ, ಹುರುಳಿ ಬಸ್ಸಾರು ಮಾಡಿಕೊಂಡು ಶಿಲುಬೆಗಳ ಮಧ್ಯೆ ಹೋದೆವು. ಆರೋಗ್ಯಮ್ಮ ತನ್ನ ಜಪಮಾಲೆ ಹಿಡಿದು ಜೊತೆಗೆ ಬಂದಳು. ಸವರಿ ಬಾಗಿಲ ಹತ್ತಿರವೇ ನಿಂತ. ಎಡೆ ಇಟ್ಟು ಕಾದೆವು. ಬಿಸಿಲು ಏರಿತು. ಗೋಡೆಯ ಮೇಲೆ ಎರಡು ಕಾಗೆಗಳಿದ್ದವು, ಇಳಿಯಲಿಲ್ಲ. ಮುದ್ದೆ ಒಣಗಿ ಬಿರುಕು ಬಿಟ್ಟಿತು.

ಅವ್ವ ಎದ್ದಳು. “ಬಾಪ್ಪಾ ಸವ್ರಿ,” ಎಂದು ಕರೆದಳು. “ಈ ಎಸರಲ್ಲಿ ಕರುದ್ರೆ ಅವನಿಗೆ ತಿಳಿಯಾಕಿಲ್ಲ. ನೀನ್ ಬಂದು ಉಣ್ಣು. ನೀನ್ ಉಂಡ್ರೆ ಅವನು ಉಂಡಂಗೆ.”

ಸತ್ತವರಿಗೆ ಇಟ್ಟ ಎಡೆ ಮುಟ್ಟುವುದು ಅವರ ಮತದಲ್ಲಿ ದೊಡ್ಡ ಪಾಪ. ಆರೋಗ್ಯಮ್ಮ ಮಗನ ಕೈ ಹಿಡಿದು, ಬೇಡ ರಾಸಾ, ಬೇರೆ ಏನಾದರೂ ಮಾಡೋಣ, ಇದೊಂದು ಬೇಡ ಎಂದು ಬೇಡಿದಳು. ಅವನು ಅವಳ ಕೈಯನ್ನು ಮೆಲ್ಲಗೆ ಬಿಡಿಸಿ, ಬಂದು, ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಒಣಗಿದ ಮುದ್ದೆ ಮುರಿದ. ಶುಕ್ರವಾರದಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲವೆಂದು ನನಗೆ ಆಮೇಲೆ ಗೊತ್ತಾಯಿತು. ಅವನು ಪೂರ್ತಿ ಉಂಡ. ಅವ್ವ ಪಕ್ಕದಲ್ಲಿ ಕುಳಿತು, ಸಾರು ಹಾಕಲಾ, ಇನ್ನೊಂದಿಷ್ಟು ಹಾಕಲಾ ಎಂದು ಕೇಳುತ್ತಾ ಬಡಿಸಿದಳು. ಆ ದಿನದಷ್ಟು ನಾನು ಇನ್ನು ಯಾವ ದಿನವೂ ಅತ್ತಿಲ್ಲ.

ಪಾಪನಿವೇದನೆಗೆ ಹೋದಾಗ ಪಾದ್ರಿಗಳು ಎಡೆ ಉಂಡದ್ದಕ್ಕೆ ಪಶ್ಚಾತ್ತಾಪ ಪಡು, ಅಷ್ಟು ಸಾಕು, ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎಂದರಂತೆ. ಬೇರೆ ಎಲ್ಲಕ್ಕೂ ಪಡುತ್ತೇನೆ, ಅದಕ್ಕೆ ಪಟ್ಟರೆ ಮುನಿಯನನ್ನು ಇನ್ನೊಂದು ಸಲ ಕೊಂದ ಹಾಗೆ ಎಂದು ಸವರಿ ಎದ್ದು ಬಂದ. ಆವತ್ತು ಚರ್ಚಿನ ಮೆಟ್ಟಿಲು ಇಳಿದವನು ಮತ್ತೆ ಹತ್ತಲಿಲ್ಲ. ಲೈನಿನ ಜನ ಅವನು ದೇವರನ್ನು ಬಿಟ್ಟ ಎಂದರು. ನನಗೆ ಹಾಗನ್ನಿಸುವುದಿಲ್ಲ. ಗೇಲಿ ಮಾಡುವುದನ್ನು ಅವನು ಬಿಟ್ಟುಬಿಟ್ಟ. ಪ್ರತಿ ದಿನ ಮೇಲೆ ಬಂದು ಬಿಲ್ಲೆ ಕೊಟ್ಟ ಮೇಲೆ, ಮೈ ತೊಳೆಯದೆ, ಮೊದಲು ಆ ಗುಂಡಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ. ಏನು ಹೇಳುತ್ತೀಯ ಎಂದು ಒಂದು ಸಲ ಕೇಳಿದೆ. ಮೇಲೆ ಬಂದೆ ಕಣ್ಲಾ ಎಂದು ಹೇಳುತ್ತೇನೆ, ಅಷ್ಟೇ ಎಂದ. ಮದುವೆ ಬೇಡವೆಂದ, ನನ್ನ ಹಸುವಿಗೆ ಹುಲ್ಲು ತಂದು ಹಾಕುವುದನ್ನು ಮಾತ್ರ ತಪ್ಪಿಸಲಿಲ್ಲ.

ನಾನೂ ಚರ್ಚಿಗೆ ಹೋಗುವುದನ್ನು ಬಿಟ್ಟೆ. ಆ ತಾಯಿಯ ಮುಂದೆ ಕುಳಿತರೆ ಪದಕದ ನೆನಪು ಬರುತ್ತಿತ್ತು. ವರ್ಷಗಳು ಕಳೆದವು. ಅವ್ವ ಹೋದಳು, ಯುದ್ಧ ಬಂತು, ಸವರಿಗೆ ಗಣಿಯ ಕೆಮ್ಮು ಹಿಡಿಯಿತು. ಆರೋಗ್ಯಮ್ಮನ ಕಣ್ಣು ಪೂರ್ತಿ ಮಂಜಾಯಿತು. ಒಂದು ಈಸ್ಟರ್ ದಿನ ಗಂಟೆ ಹೊಡೆಯುವಾಗ ಅವಳು ಹಬ್ಬದ ಸೀರೆ ಉಟ್ಟು ಹೊಸ್ತಿಲಲ್ಲಿ ನಿಂತಿದ್ದಳು. ಕೈ ಹಿಡಿದು ಕರೆದುಕೊಂಡು ಹೋಗುವವರಿರಲಿಲ್ಲ. ಸವರಿ ಗೋಡೆಗೆ ಒರಗಿ ತಲೆ ತಗ್ಗಿಸಿ ಕುಳಿತಿದ್ದ. ನನ್ನ ಮಗ ಎದ್ದು ಬಂದ ದಿನ ಕಣಮ್ಮ, ಮನೆಯಲ್ಲಿ ಹೇಗೆ ಕೂರಲಿ ಎಂದಳು ಮುದುಕಿ. ನನಗೆ ಮೈ ಉರಿಯಿತು. ಆದರೂ ಹೋಗಿ ಅವಳ ಕೈ ಹಿಡಿದುಕೊಂಡೆ.

ಈಗ ಪ್ರತಿ ವರ್ಷ ಅದು ನನ್ನ ಕೆಲಸ. ಅವಳನ್ನು ಒಳಗೆ ಕೂರಿಸಿ ಪಕ್ಕದಲ್ಲಿ ಕೂರುತ್ತೇನೆ. ನಮ್ಮ ಬದಲಿಗೆ ಒಬ್ಬಾತ ಪ್ರಾಣ ಕೊಟ್ಟ ಎಂದು ಪಾದ್ರಿಗಳು ಹೇಳುವಾಗ ಆರೋಗ್ಯಮ್ಮ ನನ್ನ ಕೈ ಅದುಮುತ್ತಾಳೆ. ಅವಳು ಆಗ ಯಾರನ್ನು ನೆನೆಯುತ್ತಾಳೋ ನಾನು ಕೇಳಿಲ್ಲ. ನಾನು ನೆನೆಯುವುದು ನಮ್ಮಣ್ಣನನ್ನು. ಸವರಿಯ ಬದಲಿಗೆ ಹೋಗುವುದು ನಮ್ಮ ಮನೆಯವರ ಹಣೆಯಲ್ಲಿ ಬರೆದಿದೆ. ಅಣ್ಣ ಕೆಳಗೆ ಹೋದ, ನಾನು ಒಳಗೆ ಹೋಗುತ್ತೇನೆ. ನಾನು ಮಾತ್ರ ಪೂಜೆ ಮುಗಿದ ಮೇಲೆ ಹೊರಗೆ ಬರುತ್ತೇನೆ.